ಹಲ್ಲಿನ ಸಂದಿಗೆ ದಾರವೋ, ಪುಟ್ಟ ಬ್ರಷೋ, ನೀರೋ?

ಹಲ್ಲುಜ್ಜುವ ಬ್ರಷ್ ಎಷ್ಟೇ ಒಳ್ಳೆಯದಿರಲಿ, ಎರಡು ಹಲ್ಲು ಒತ್ತಿಕೊಂಡಿರುವ ಕಡೆ ಅದರ ಎಳೆಗಳು ನುಗ್ಗುವುದಿಲ್ಲ. ಒಸಡಿನ ತೊಂದರೆ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಯಾವ ಪೇಸ್ಟ್, ಯಾವ ಬ್ರಷ್ ಎಂದು ಇಷ್ಟೆಲ್ಲ ಚರ್ಚೆ ಮಾಡುವ ನಾವು ಈ ಸಂದಿಗಳನ್ನು ಮಾತ್ರ ಮರೆತುಬಿಡುತ್ತೇವಲ್ಲ ಎಂದು ನನಗೆ ಬೇಸರ. ಫ್ಲಾಸ್ ಎಂಬ ತೆಳು ದಾರ, ಸಂದಿಗೆ ಹಾಕುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್, ನೀರಿನ ಸಣ್ಣ ಧಾರೆ ಚಿಮ್ಮಿಸುವ ವಾಟರ್ ಫ್ಲಾಸರ್ ಮೂರನ್ನೂ ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ಯಾವುದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂದು ಹೇಳಲು ಈ ಬರಹ.

ಹೋಲಿಸುವ ಮೊದಲು, ನಾವು ತೆಗೆಯಬೇಕಾದದ್ದು ಏನನ್ನು ಎಂಬುದು ತಿಳಿದಿರಲಿ. ಅದು ಬರೀ ಸಿಕ್ಕಿಕೊಂಡ ಊಟದ ಚೂರಲ್ಲ. ಪ್ಲಾಕ್ ಎಂಬ ಬ್ಯಾಕ್ಟೀರಿಯಾಗಳ ಅಂಟು ಪದರ. ಬಾಯಿ ಮುಕ್ಕಳಿಸಿದರೆ ಹೋಗುವಂಥದ್ದಲ್ಲ, ಉಜ್ಜಿಯೇ ತೆಗೆಯಬೇಕು. ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜಗಳು ಸೇರಿ ಟಾರ್ಟರ್ ಆಗಿ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ದಂತವೈದ್ಯರೇ ಕೆರೆದು ತೆಗೆಯಬೇಕು. ನಾರ್ವೆಯ ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಪಾಠದಂತಿದೆ. ಒಸಡು ಚೆನ್ನಾಗಿದ್ದ 12 ಮಂದಿ ಹಲ್ಲು ಶುಚಿ ಮಾಡುವುದನ್ನೇ ನಿಲ್ಲಿಸಿದರು. 10ರಿಂದ 21 ದಿನದೊಳಗೆ ಎಲ್ಲರಿಗೂ ಒಸಡಿನ ಉರಿಯೂತ ಬಂತು. ಮತ್ತೆ ಶುಚಿ ಶುರುಮಾಡಿದ ಮೇಲೆ ಇಳಿಯಿತು. ಈ ಹಂತದಲ್ಲಿ ಎಲ್ಲವೂ ನಮ್ಮ ಕೈಯಲ್ಲಿದೆ. ಉರಿಯೂತ ಒಳಗಿಳಿದು ಹಲ್ಲು ಹಿಡಿದಿರುವ ಮೂಳೆ ಕರಗತೊಡಗಿದರೆ, ಹೋದ ಮೂಳೆ ತಾನಾಗಿ ಮತ್ತೆ ಬರುವುದಿಲ್ಲ.

ಈಗ ಫ್ಲಾಸ್. ಇದು ಹಳೆಯ ಉಪಾಯ. ಅಮೆರಿಕದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ 1819ರಲ್ಲೇ ರೇಷ್ಮೆ ದಾರದಿಂದ ಸಂದಿ ಶುಚಿ ಮಾಡಿ ಎಂದು ಬರೆದಿದ್ದರು. ಸುಮಾರು 45 ಸೆಂಟಿಮೀಟರ್ ದಾರ ತೆಗೆದು ಎರಡೂ ಕೈಯ ನಡುಬೆರಳಿಗೆ ಸುತ್ತಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಗೇಣಿಗಿಂತ ಬಹಳ ಚಿಕ್ಕ ತುಂಡನ್ನು ಬಿಗಿ ಹಿಡಿಯಬೇಕು. ಹಲ್ಲುಗಳ ನಡುವೆ ಗಕ್ಕನೆ ಒತ್ತಬಾರದು, ಒಸಡು ಸೀಳುತ್ತದೆ. ಗರಗಸದ ಹಾಗೆ ಮೆಲ್ಲಗೆ ಆಚೀಚೆ ಆಡಿಸುತ್ತ ಇಳಿಸಿ, ಒಂದು ಹಲ್ಲಿನ ಬದಿಯನ್ನು ಅರೆಸುತ್ತು ಬಳಸಿ, ಒಸಡಿನ ಅಂಚಿನ ಸ್ವಲ್ಪ ಕೆಳಗಿನಿಂದ ಮೇಲಕ್ಕೆ ಉಜ್ಜಿ, ಆಮೇಲೆ ಪಕ್ಕದ ಹಲ್ಲಿಗೂ ಹಾಗೇ ಮಾಡಬೇಕು. ಈ ಬಳಸುವ ಕೆಲಸ ಬಿಟ್ಟು ಬರೀ ಒಳಗೆ ಹಾಕಿ ಹೊರಗೆ ಎಳೆದರೆ ಪ್ಲಾಕ್ ಇದ್ದಲ್ಲೇ ಇರುತ್ತದೆ. ಮುಂಬಲ್ಲುಗಳಲ್ಲಿ ಇದಕ್ಕೆ ಸಾಟಿಯಿಲ್ಲ, ಏಕೆಂದರೆ ಅಷ್ಟು ಬಿಗಿಯಾದ ಸಂದಿಗೆ ಬೇರೇನೂ ಹೋಗುವುದಿಲ್ಲ. ದವಡೆ ಹಲ್ಲಿಗೆ ಹೋದಂತೆ ಮಾತ್ರ ಎರಡೂ ಕೈಯ ಬೆರಳು ಬಾಯೊಳಗೆ ತುರುಕಬೇಕಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಹಿಡಿ ಇರುವ ಫ್ಲಾಸ್ ಪಿಕ್‌ನಿಂದ ಕೈ ಸುಲಭವಾಗುತ್ತದೆ ನಿಜ, ಆದರೆ ದಾರವನ್ನು ಹಲ್ಲಿನ ಸುತ್ತ ಬಳಸಲು ಅದು ಬಿಡುವುದಿಲ್ಲ.

ನನ್ನ ಮೆಚ್ಚುಗೆ ಇಂಟರ್‌ಡೆಂಟಲ್ ಬ್ರಷ್‌ಗೆ. ತೆಳು ತಂತಿಯ ಸುತ್ತ ಎಳೆಗಳಿರುವ ಪುಟ್ಟ ಬ್ರಷ್. ಒಂದೇ ಕೈ ಸಾಕು. ಫ್ಲಾಸ್ ಮಾಡಿ ಮುಗಿಸಿದ ದವಡೆ ಸಂದಿಗೆ ಇದನ್ನು ಹಾಕಿ ಎಳೆದಾಗಲೂ ಎಳೆಗಳ ಬುಡದಲ್ಲಿ ಬಿಳಿ ಹಿಟ್ಟಿನಂಥ ಮೆತ್ತಗಿನದು ಅಂಟಿಕೊಂಡು ಬರುತ್ತಿತ್ತು. ಕಾರಣ ಹಲ್ಲಿನ ಆಕಾರದಲ್ಲಿದೆ: ಹಿಂದಿನ ಹಲ್ಲುಗಳ ಬದಿ ಬೇರಿನ ಹತ್ತಿರ ಒಳಕ್ಕೆ ತಗ್ಗಾಗಿರುತ್ತದೆ. ಬಿಗಿದ ದಾರ ಆ ತಗ್ಗಿನ ಮೇಲೆ ಹಾಯ್ದು ಹೋಗುತ್ತದೆ, ಎಳೆಗಳು ಒಳಗಿಳಿಯುತ್ತವೆ. ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯೂ ಫ್ಲಾಸ್‌ಗಿಂತ ಈ ಬ್ರಷ್ ಹೆಚ್ಚು ಪರಿಣಾಮಕಾರಿ ಇರಬಹುದು ಎಂದೇ ಹೇಳುತ್ತದೆ, ಪುರಾವೆ ಅಷ್ಟು ಗಟ್ಟಿಯಿಲ್ಲ ಎಂಬ ಎಚ್ಚರಿಕೆಯೊಂದಿಗೆ.

ಇದರಲ್ಲಿ ಅಳತೆಯೇ ಮುಖ್ಯ. ಎಳೆಗಳು ಎರಡೂ ಬದಿಗೆ ತಾಗಬೇಕು, ತಂತಿ ಹಲ್ಲಿಗೆ ಉಜ್ಜಬಾರದು. ಒಂದೇ ಬಾಯಿಗೆ ಎರಡು ಮೂರು ಅಳತೆ ಬೇಕಾಗುವುದು ಮಾಮೂಲು. ದಂತವೈದ್ಯರ ಬಳಿ ಒಮ್ಮೆ ಅಳತೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹೋಗದ ಕಡೆ ಬಲವಂತ ಬೇಡ, ಅಲ್ಲಿ ಫ್ಲಾಸ್ ಇದೆ. ಪೇಸ್ಟ್ ಹಚ್ಚುವ ಅಗತ್ಯವಿಲ್ಲ. ತಂತಿ ಬಾಗಿದರೆ, ಎಳೆ ಕೆದರಿದರೆ ಬದಲಿಸಿ.

ವಾಟರ್ ಫ್ಲಾಸರ್ ಬಳಸಿದ ಮೇಲೆ ಬಾಯಿ ತುಂಬ ಹಗುರವೆನಿಸುತ್ತದೆ. ಸಿಕ್ಕಿಕೊಂಡ ಚೂರುಗಳು ಚೆನ್ನಾಗಿ ಹೋಗುತ್ತವೆ. ಆದರೆ ಅದಾದ ಮೇಲೆ ಫ್ಲಾಸ್ ಹಾಕಿ ನೋಡಿದರೆ ದಾರದ ಮೇಲೆ ಪ್ಲಾಕ್ ಇದ್ದೇ ಇರುತ್ತಿತ್ತು. ಹಾಗಾಗಿ ನನ್ನ ಮಟ್ಟಿಗೆ ಇದು ಜೊತೆಗಿರಬೇಕಾದ್ದು, ಬದಲಿಗೆ ಬರುವಂಥದ್ದಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರ, ಬ್ರಿಜ್ (ಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರಿಸಿದ ಕಟ್ಟಿದ ಹಲ್ಲು) ಇರುವವರ, ಬೆರಳು ಸರಿಯಾಗಿ ಆಡದವರ ವಿಷಯ ಬೇರೆ. ಅವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಒತ್ತಡ ಕಡಿಮೆ ಇಟ್ಟು ಶುರುಮಾಡಲಿ.

ಯಾವುದನ್ನೇ ಶುರುಮಾಡಿದರೂ ಮೊದಮೊದಲು ರಕ್ತ ಕಾಣಬಹುದು. ದಯವಿಟ್ಟು ಅದಕ್ಕೆ ಹೆದರಿ ನಿಲ್ಲಿಸಬೇಡಿ. ಹೆಚ್ಚಾಗಿ ಒಸಡು ಊದಿಕೊಂಡಿದ್ದರಿಂದಲೇ ರಕ್ತ ಬರುವುದು, ಪ್ಲಾಕ್ ಹೋದಂತೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಸಂದಿ ಅಗಲವಾದಂತೆ ಕಂಡರೆ, ಅದು ಹೆಚ್ಚಾಗಿ ಊತ ಇಳಿದು ಒಸಡು ತನ್ನ ಜಾಗಕ್ಕೆ ಮರಳಿದ್ದರಿಂದ. ವಾರಗಳಾದರೂ ರಕ್ತ ನಿಲ್ಲದಿದ್ದರೆ, ಹಲ್ಲು ಅಲುಗಾಡಿದರೆ, ಕೀವು ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು.

ಈಗ ನಾನು ಮಲಗುವ ಮುನ್ನ ಮುಂಬಲ್ಲಿಗೆ ಫ್ಲಾಸ್, ದವಡೆ ಹಲ್ಲಿಗೆ ಪುಟ್ಟ ಬ್ರಷ್ ಬಳಸಿ, ಕೊನೆಗೆ ಫ್ಲೋರೈಡ್ ಪೇಸ್ಟ್‌ನಿಂದ ಎರಡು ನಿಮಿಷ ಉಜ್ಜುತ್ತೇನೆ. ಸಂದಿ ಮೊದಲೇ ಶುಚಿಯಾಗಿದ್ದರೆ ಫ್ಲೋರೈಡ್ ಅಲ್ಲಿಗೂ ತಲುಪುತ್ತದೆ. ಆ ಫ್ಲೋರೈಡ್ ತೊಳೆದುಹೋಗದಿರಲೆಂದು, ಉಗಿದ ಮೇಲೆ ನೀರಿನಿಂದ ಮುಕ್ಕಳಿಸುವುದಿಲ್ಲ.