ನಾಯಿ ಇಲ್ಲದ ಶ್ಯಾಗಿ, ಸರ್ವರ್ ಇಲ್ಲದ ಆಟ: ಮಲ್ಟಿವರ್ಸಸ್ ಜೊತೆ ಮೂರು ವರ್ಷ

ಮೊದಲೇ ಹೇಳಿಬಿಡ್ತೀನಿ, ಮಲ್ಟಿವರ್ಸಸ್ ಅನ್ನೋ ಈ ವಿಡಿಯೋ ಗೇಮನ್ನ ಈಗ ಯಾರೂ ಹೊಸದಾಗಿ ಇಳಿಸಿಕೊಳ್ಳೋಕೆ ಆಗಲ್ಲ. 2025ರ ಮೇ 30ಕ್ಕೆ ಸರ್ವರ್ ನಿಂತುಹೋಯ್ತು, ಆನ್‌ಲೈನ್ ಅಂಗಡಿಗಳಿಂದಲೂ ಹೋಯ್ತು. ಆದರೂ ಮೈಸೂರಿನ ನಮ್ಮನೇಲಿ ಇದು ಪ್ರತಿ ಭಾನುವಾರ ಓಡ್ತಾನೇ ಇದೆ. ಅದಕ್ಕೇ ಬರೀತಿದ್ದೀನಿ.

ಬೇರೆ ಬೇರೆ ಕಾರ್ಟೂನು, ಸಿನಿಮಾಗಳ ಪಾತ್ರಗಳು ಒಂದೇ ಕಣದಲ್ಲಿ, ಹೆಚ್ಚಾಗಿ ಇಬ್ಬಿಬ್ಬರ ಜೋಡಿಯಾಗಿ, ಹೊಡೆದಾಡಿ ಎದುರಾಳಿಯನ್ನ ಕಣದಿಂದಾಚೆ ಎಸೆಯೋ ಆಟ ಇದು. ಹೊಡೆದಾಟದಲ್ಲಿ ನಾನು ಮೊದಲಿಂದಲೂ ಸೋಲೋ ಗಿರಾಕಿ. ಟಿವಿಗೆ ಹಾಕಿ ಗೇಮ್ ಆಡೋ ಸೆಕೆಂಡ್ ಹ್ಯಾಂಡ್ ಪಿಎಸ್4 ಆನ್ ಮಾಡ್ತಿದ್ದದ್ದೇ ಪಾತ್ರಗಳ ದನಿಗಳಿಗೋಸ್ಕರ.

ಸರಸ್ವತಿಪುರಂನಲ್ಲಿ ನಮ್ಮನೆಗೆ ಕೇಬಲ್ ಬಂದಾಗ ನಾನು ಕನ್ನಡ ಮೀಡಿಯಂ ಹುಡುಗ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬ್ಯಾಟ್‌ಮನ್ ಏನು ಹೇಳ್ತಾನೆ ಅಂತ ಒಂದಕ್ಷರ ತಿಳೀತಿರಲಿಲ್ಲ. ಆದರೆ ಸೂಟು ಹಾಕಿಕೊಂಡಾಗ ಹಗುರವಾಗಿ ಮಾತಾಡೋ ಮನುಷ್ಯ, ಮುಖವಾಡ ಹಾಕಿದ ತಕ್ಷಣ ಬಾವಿಯೊಳಗಿಂದ ಮಾತಾಡಿದ ಹಾಗೆ ದನಿ ಇಳಿಸ್ತಿದ್ದ. ಅಷ್ಟು ಮಾತ್ರ ಚೆನ್ನಾಗಿ ಗೊತ್ತಾಗ್ತಿತ್ತು. ಅಕ್ಕ, ನಾನು ಬಕೀಟು ತಲೆಗೆ ಹಾಕಿಕೊಂಡು ಅದನ್ನೇ ಅನುಕರಣೆ ಮಾಡ್ತಿದ್ವಿ. ಆ ಎರಡು ದನಿಯೂ ಕೆವಿನ್ ಕಾನ್ರಾಯ್ ಅನ್ನೋ ಒಬ್ಬರದೇ, 1992ರಿಂದ ಅವರೇ ಕೊಡ್ತಾ ಬಂದಿದ್ದು ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

2022ರ ಜುಲೈನಲ್ಲಿ ಈ ಆಟವನ್ನ ಬೀಟಾ, ಅಂದ್ರೆ ಪ್ರಯೋಗದ ರೂಪ, ಅಂತ ಬಿಟ್ಟಾಗ ಮೊದಲು ಬ್ಯಾಟ್‌ಮನ್‌ನನ್ನೇ ತಗೊಂಡೆ. ಅದೇ ದನಿ! ಎದುರಿಗೆ ಯಾರಿದ್ದಾರೆ, ಜೊತೆಗೆ ಯಾರಿದ್ದಾರೆ ಅನ್ನೋದನ್ನ ನೋಡಿಕೊಂಡು ಪಾತ್ರಗಳ ಮಾತು ಬದಲಾಗುತ್ತೆ. ಬ್ಯಾಟ್‌ಮನ್ ಕಥೆಯ ಹಾರ್ಲಿ ಸಿಕ್ಕರೆ ಒಂದು, ಸೂಪರ್‌ಮ್ಯಾನ್ ಸಿಕ್ಕರೆ ಇನ್ನೊಂದು. ರಾತ್ರಿ ಊಟ ಆಗಿ, ಅಮ್ಮ ಹಾಲಿಗೆ ಹೆಪ್ಪು ಹಾಕಿ ಮಲಗಿದ ಮೇಲೆ ಟಿವಿ ಸೌಂಡು ಎಂಟಕ್ಕಿಟ್ಟು ಕೂರ್ತಿದ್ದೆ. ಹೊಸ ಜೋಡಿ ಬಂದರೆ ಬಟನ್ ಒತ್ತೋದು ಬಿಟ್ಟು ಕಿವಿ ಕೊಡೋದು. ಅಷ್ಟರಲ್ಲಿ ಎದುರಾಳಿ ನನ್ನನ್ನ ಎತ್ತಿ ಆಚೆ ಎಸೆದಿರ್ತಿದ್ದ. ಜೊತೆಗಾರರಾಗಿ ಸಿಕ್ಕ ಅಪರಿಚಿತರು ನನ್ನನ್ನ ಎಷ್ಟು ಬೈದುಕೊಂಡರೋ ಏನೋ.

ಆ ನವೆಂಬರ್ 10ಕ್ಕೆ ಕಾನ್ರಾಯ್ ತೀರಿಕೊಂಡರು, 66 ವರ್ಷ. ಸುದ್ದಿ ತಿಳಿದಾಗ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಯಾರೋ ಅವರು?" ಅಂದಳು. "ನಮ್ಮ ಬಕೀಟು" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಡುವೆ ನಿಲ್ಲಿಸಿದ್ದ ಆಟ 2024ರ ಮೇ ತಿಂಗಳಲ್ಲಿ ಮತ್ತೆ ಬಂದಾಗ, ಅದೇ ಹಳೇ ಕಾರ್ಟೂನಿನಲ್ಲಿ ಬ್ಯಾಟ್‌ಮನ್‌ನ ವೈರಿ ಜೋಕರ್‌ಗೆ ದನಿ ಕೊಟ್ಟಿದ್ದ ಮಾರ್ಕ್ ಹ್ಯಾಮಿಲ್ ಇಲ್ಲೂ ಜೋಕರ್ ಆಗಿ ಬಂದರು. ಒಬ್ಬರು ಇಲ್ಲ, ಇನ್ನೊಬ್ಬರು ಇದ್ದಾರೆ, ನಮ್ಮ ಟಿವಿಯಲ್ಲಿ ಮಾತ್ರ ಇಬ್ಬರೂ ಇದ್ದಾರೆ.

ಇನ್ನು ಬೇಜಾರಿನ ವಿಷಯ. ಹೊಸ ರೂಪದಲ್ಲಿ ಕ್ಯಾಮೆರಾವನ್ನ ಮೂಗಿನ ಹತ್ರ ತಂದಿಟ್ಟರು, ಒಂದೊಂದು ಪಾತ್ರವನ್ನ ಆಡೋಕೆ ಸಿಗೋ ಹಾಗೆ ಬಿಡಿಸಿಕೊಳ್ಳೋಕೆ ಗಾಣದೆತ್ತಿನ ಹಾಗೆ ಸುತ್ತಬೇಕಾಯ್ತು. ನಾನೂ ಪಾತ್ರಗಳಿಗೆ ತೊಡಿಸೋ ಎರಡು ವೇಷಕ್ಕೆ ದುಡ್ಡು ಸುರಿದೆ. ಆ ದುಡ್ಡಲ್ಲಿ ಮನೆಮಂದಿಗೆಲ್ಲ ಒಂದು ವಾರ ಮಸಾಲೆ ದೋಸೆ ಆಗ್ತಿತ್ತು. ಹೋಗಲಿ ಅಂದುಕೊಳ್ಳಬಹುದು.

ಆದರೆ ಸ್ಕೂಬಿ-ಡೂ ಕಾರ್ಟೂನಿನ ನಾಯಿ, ಆ ಸ್ಕೂಬಿ ಎಲ್ಲಿ ಸ್ವಾಮಿ? ಅದರ ಜೊತೆಗಾರ ಶ್ಯಾಗಿ ಇದ್ದಾನೆ, ಗೆಳತಿ ವೆಲ್ಮಾ ಇದ್ದಾಳೆ, ಅವರ ಆ ಹೂವಿನ ಚಿತ್ರದ ವ್ಯಾನೂ ಬರುತ್ತೆ. ನಾಯಿ ಮಾತ್ರ ಆಡೋಕೆ ಸಿಗಲ್ಲ. ಆಟಕ್ಕೇ ಅಂತ ಹೊಸದಾಗಿ ರೈನ್‌ಡಾಗ್ ಅನ್ನೋ ಪ್ರಾಣಿ ಸೃಷ್ಟಿ ಮಾಡೋಷ್ಟು ಪುರುಸೊತ್ತಿತ್ತು, 1969ರ ನಾಯಿಗೆ ಜಾಗ ಇರಲಿಲ್ಲ. ಶ್ಯಾಗಿಯ ದನಿಯೂ ನನ್ನ ಚಿಕ್ಕಂದಿನದಲ್ಲ. ಆಗಿನದು ಕೇಸಿ ಕೇಸಮ್ ಅವರದು, ಇಲ್ಲಿರೋದು ಮ್ಯಾಥ್ಯೂ ಲಿಲ್ಲರ್ಡ್, 2002ರ ಸಿನಿಮಾದಲ್ಲಿ ಶ್ಯಾಗಿ ಆಗಿದ್ದವರು. ಆ ಒಡೆದ ಗಂಟಲನ್ನ ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಅಂದ್ರೆ, ಹುಡುಕಿ ಓದೋವರೆಗೂ ನನಗೆ ವ್ಯತ್ಯಾಸವೇ ಗೊತ್ತಾಗಿರಲಿಲ್ಲ.

ಮುಚ್ಚುತ್ತೆ ಅನ್ನೋ ಸುದ್ದಿ ಬಂದಾಗ ಒಂದು ಷರತ್ತಿತ್ತು. ಫೆಬ್ರುವರಿ 4ರಿಂದ ಮೇ 30ರೊಳಗೆ ಒಂದು ಸಲ ಲಾಗಿನ್ ಆದರೆ, ಬಿಡಿಸಿಕೊಂಡ ಪಾತ್ರಗಳ ಸಮೇತ ಆಟ ನಮ್ಮ ಹತ್ರ ಆಫ್‌ಲೈನ್ ಉಳಿಯುತ್ತೆ. ನಾನು ಆದೆ. ಅಕ್ಕನ ಮಗನಿಗೆ ಅವನ ಲ್ಯಾಪ್‌ಟಾಪ್‌ನಲ್ಲಿ ಮಾಡಿಕೊಡ್ತೀನಿ ಅಂದವನು ಅವನ ಪರೀಕ್ಷೆ ಮುಗೀಲಿ ಅಂತ ಕಾದು, ಆಮೇಲೆ ಮರೆತೇಬಿಟ್ಟೆ. ಜೂನ್‌ನಲ್ಲಿ "ಮಾಮ, ಬರ್ತಾನೇ ಇಲ್ಲ" ಅಂತ ಅಳು. ತಪ್ಪು ಪೂರ್ತಿ ನಂದು. ಅವತ್ತಿಂದ ಭಾನುವಾರ ಮಧ್ಯಾಹ್ನ ಅವನ ಸವಾರಿ ನಮ್ಮನೆಗೇ.

ನಿಜ ಹೇಳಬೇಕಂದ್ರೆ, ನೆಟ್ ಬೇಡವಾದ ಮೇಲೇ ಈ ಆಟ ನನಗೆ ಹೆಚ್ಚು ಇಷ್ಟವಾಗಿದ್ದು. ನಮ್ಮ ಬೀದಿಯ ನೆಟ್ಟು ಮೋಡ ಕಂಡರೇ ಸಾಕು, ಮಲಗಿಬಿಡುತ್ತೆ. ಈಗ ಅದರ ಹಂಗಿಲ್ಲ. ಎರಡು ಕಂಟ್ರೋಲರ್, ಮಧ್ಯೆ ಒಂದು ಬಟ್ಟಲು ಖಾರಾಪುರಿ. ಹುಡುಗ ತಗೊಳ್ಳೋದು ಟಾಮ್ ಅಂಡ್ ಜೆರ್ರಿ. ಇಬ್ಬರೂ ಸೇರಿ ಒಂದೇ ಪಾತ್ರ. ಅವರ ಪಾಡಿಗೆ ಅವರು ಕಿತ್ತಾಡ್ತಿರ್ತಾರೆ, ಏಟು ಮಾತ್ರ ನನಗೆ ಬೀಳ್ತಿರುತ್ತೆ. ಹಳೇ ಚಿತ್ರಗಳಲ್ಲಿ ಟಾಮ್‌ನ ಆ ಕಿರುಚಾಟ, ಆ ಚಿತ್ರಗಳನ್ನ ಮಾಡಿದ ಇಬ್ಬರಲ್ಲಿ ಒಬ್ಬರಾದ ವಿಲಿಯಂ ಹನ್ನಾ ಅವರದೇ ಅಂತ ಹೇಳಿದರೆ, "ಮಾಮ, ಆಡಿ" ಅಂತಾನೆ.

ಅಮ್ಮ ಹುರುಳಿಕಾಯಿ ನಾರು ಬಿಡಿಸ್ತಾ ಸೋಫಾ ಮೇಲೆ ಕೂತಿರ್ತಾರೆ. ನಾನು ಶ್ಯಾಗಿ ತಗೊಂಡ ತಕ್ಷಣ ಕನ್ನಡಕ ಮೇಲೇರಿಸಿ ಕೇಳ್ತಾರೆ, "ಇವನ ನಾಯಿ ಎಲ್ಲೋ?"

"ಬಂದಿಲ್ಲ ಅಮ್ಮ."

"ಪಾಪ" ಅಂತಾರೆ. ಹೋದ ವಾರವೂ ಅಂದರು.