ಘಾಟಿ ಇಳಿದರೆ ಕಂಬಳ: ಒಮ್ಮೆಯಾದರೂ ಕಣ್ಣಾರೆ ನೋಡಿ, ಆದರೆ ರಾತ್ರಿ ಹೊತ್ತು ನೋಡಿ

ಲಾರ್ಡ್ಸ್‌ನಲ್ಲಿ ಒಂದು ಟೆಸ್ಟ್, ವಿಂಬಲ್ಡನ್ ಫೈನಲ್, ಒಲಿಂಪಿಕ್ಸ್‌ನ ನೂರು ಮೀಟರ್ ಓಟ. ಆಯಸ್ಸಿನಲ್ಲಿ ಒಮ್ಮೆ ಮೈದಾನಕ್ಕೇ ಹೋಗಿ ನೋಡಬೇಕು ಅಂತ ಜನ ಬರೆದಿಟ್ಟುಕೊಳ್ಳುವ ಪಟ್ಟಿ ಹೆಚ್ಚುಕಮ್ಮಿ ಇದೇ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯವರು ಆ ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಆಗುಂಬೆ ಘಾಟಿ ಇಳಿದರೆ ಸಿಗುವ ಜೋಡುಕರೆ ಕಂಬಳ, ಅಂದರೆ ಅಕ್ಕಪಕ್ಕದ ಎರಡು ಕೆಸರುಗದ್ದೆಗಳಲ್ಲಿ ಕೋಣಗಳ ಜೋಡಿ ಓಡಿಸುವ ಸ್ಪರ್ಧೆ. ನಮ್ಮೂರಿಂದ ಒಂದು ಮಧ್ಯಾಹ್ನದ ದಾರಿ. ಹಾಗಿದ್ದೂ ಮಲೆನಾಡಿನ ಬಹಳ ಮಂದಿ ಅದನ್ನು ಮೊಬೈಲ್‌ನಲ್ಲಿ ಮಾತ್ರ ನೋಡಿದ್ದಾರೆ. ಇನ್ನು ಕೆಲವರು ಶನಿವಾರ ಬೆಳಗ್ಗೆ ಹೋಗಿ, ಬಿಸಿಲಲ್ಲಿ ನಿಂತು, ಭಾಷಣ ಕೇಳಿ, ನಾಲ್ಕು ಓಟ ನೋಡಿ, ‘ಇಷ್ಟೇನಾ’ ಅಂತ ವಾಪಸ್ ಬಂದಿದ್ದಾರೆ.

ಯಾವ ಆಟಕ್ಕೆ ಖುದ್ದು ಹೋಗಬೇಕು ಅನ್ನುವುದಕ್ಕೆ ನನ್ನ ಅಳತೆಗೋಲು ಒಂದೇ: ಪರದೆಯ ಮೇಲೆ ನೋಡಿದಾಗ ಆ ಆಟದಲ್ಲಿ ಏನು ಕಳೆದುಹೋಗುತ್ತದೆ? ಕ್ರಿಕೆಟ್‌ನಲ್ಲಿ ಕಳೆಯುವುದು ಕಮ್ಮಿ. ಚೆಂಡು ಎಷ್ಟು ತಿರುಗಿತು ಅನ್ನುವುದು ಚಿನ್ನಸ್ವಾಮಿಯ ಗ್ಯಾಲರಿಗಿಂತ ಮನೆಯ ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನ ಟೆಸ್ಟ್‌ಗೆ ಸಂಭ್ರಮ ಇದೆ, ಇಲ್ಲ ಅನ್ನುವುದಿಲ್ಲ. ಆದರೆ 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಪಂದ್ಯದ ಮೊದಲ ದಿನ ಪೂರ್ತಿ ಮಳೆಗೆ ಹೋಯಿತು, ಎರಡನೇ ದಿನ ಭಾರತ 46 ರನ್ನಿಗೆ ಆಲೌಟ್ ಆಯಿತು. ಒಂದೇ ದಿನದ ಟಿಕೆಟ್ ತಗೊಂಡು ಇಲ್ಲಿಂದ ರಾತ್ರಿ ರೈಲು ಹತ್ತುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಶಿವಮೊಗ್ಗದ ನವುಲೆಯ ಮೈದಾನದಲ್ಲಿ ಕರ್ನಾಟಕದ ರಣಜಿ ಪಂದ್ಯ ಬಿದ್ದರೆ ಅದರ ಲೆಕ್ಕವೇ ಬೇರೆ. ಬೌಂಡರಿ ಗೆರೆಗೆ ಹತ್ತಿರ ಕೂರಬಹುದು, ಬ್ಯಾಟಿಗೆ ಚೆಂಡು ತಾಗುವ ಸದ್ದು ನೇರ ಕಿವಿಗೆ ಬೀಳುತ್ತದೆ, ಸ್ಲಿಪ್‌ನವರ ಮಾತೂ ಕೇಳುತ್ತದೆ. ಜಿ.ಆರ್. ವಿಶ್ವನಾಥ್ ಹುಟ್ಟಿದ ಭದ್ರಾವತಿಯ ಪಕ್ಕದಲ್ಲೇ ಇದ್ದುಕೊಂಡು ಒಂದು ರಣಜಿ ದಿನವನ್ನೂ ನೋಡದೆ ಇರುವುದು ಸರಿಯಲ್ಲ. ಆದರೂ ಅದು ಊರ ಖುಷಿ, ಆಗಾಗ ಅನುಭವಿಸಬೇಕಾದದ್ದು. ಜೀವಮಾನಕ್ಕೆ ಒಂದು ಅಂತ ಎತ್ತಿಡುವಂಥದ್ದಲ್ಲ.

ಶಿಕಾರಿಪುರ, ಸೊರಬ ಕಡೆ ದೀಪಾವಳಿಯಿಂದ ಶುರುವಾಗುವ ಹೋರಿ ಹಬ್ಬವೂ ಪಟ್ಟಿಯಲ್ಲಿ ಬರಬೇಕಾದದ್ದೇ. ಕೊಬ್ಬರಿ ಹಾರ, ಬಲೂನು, ಬಣ್ಣದ ಜೂಲು ಹೊತ್ತ ಹೋರಿ ಜನರ ನಡುವೆ ನುಗ್ಗುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನನ್ನ ತಕರಾರು ಸುರಕ್ಷತೆಯ ಬಗ್ಗೆ. ಅಖಾಡ ಅಂದರೆ ಎರಡು ಬದಿ ಬೇಲಿಯ ನಡುವಿನ ಓಣಿ. ಬೇಲಿ ಗಟ್ಟಿ ಇಲ್ಲದ ಕಡೆ ಬರೀ ನೋಡಲು ನಿಂತವರೂ ತಿವಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಪರಿಚಯದವರ ಮನೆಯ ತಾರಸಿ ಸಿಕ್ಕರೆ ಹೋಗಿ. ಮಕ್ಕಳನ್ನು ಕರೆದುಕೊಂಡು ಓಣಿಗೆ ಮಾತ್ರ ಇಳಿಯಬೇಡಿ.

ಇನ್ನು ಕಂಬಳ. ಇದನ್ನು ಮೊಬೈಲ್‌ನಲ್ಲಿ ನೋಡುವಾಗ ಕಳೆದುಹೋಗುವುದು ಹೆಚ್ಚುಕಡಿಮೆ ಎಲ್ಲವೂ. ಕ್ಯಾಮೆರಾ ಉದ್ದಕ್ಕೂ ಜೋಡಿಯ ಜೊತೆಗೇ ಓಡುವುದರಿಂದ ವೇಗ ಗೊತ್ತಾಗುವುದೇ ಇಲ್ಲ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು (ಓಟದ ಗದ್ದೆಯನ್ನು) 13.62 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ಸೆಕೆಂಡಿಗೆ ಹತ್ತು ಮೀಟರ್ ದಾಟಿದ ಓಟ, ಅದೂ ಕೆಸರುನೀರಿನಲ್ಲಿ, ಬರಿಗಾಲಿನಲ್ಲಿ. ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಅಂತ ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟು ದೇಶವೆಲ್ಲ ಮಾತಾಡಿತು. ಆ ಹೋಲಿಕೆ ನಿಲ್ಲುವುದಿಲ್ಲ, ಯಾಕೆಂದರೆ ಇಲ್ಲಿ ಓಡಿಸುವವನನ್ನು ಎಳೆಯುವುದು ಎರಡು ಕೋಣಗಳ ಬಲ. ಹಾಗಂತ ಆ ಓಟದ ಬೆಲೆ ಕಮ್ಮಿಯಾಗುವುದಿಲ್ಲ. ಅಷ್ಟು ವೇಗದಲ್ಲಿ ಕಾಲು ಕೀಳಲಾಗದ ಕೆಸರಿನಲ್ಲಿ ಬೀಳದೆ ಉಳಿಯುವುದೇ ಆ ವಿದ್ಯೆ. ಕರೆಯ ಬದುವಿನ ಪಕ್ಕ ನಿಂತಾಗ ಮೊದಲು ಸದ್ದು ಬರುತ್ತದೆ: ಎಂಟು ಗೊರಸು ನೀರನ್ನು ಬಡಿಯುವ ದಬದಬ. ಆಮೇಲೆ ಒಂದು ಬಿಳಿ ನೀರಿನ ಗೋಡೆ. ಅದರ ಹಿಂದೆ ಮನುಷ್ಯ ಇದ್ದಾನೆ ಅನ್ನುವುದು ಅವನು ದಾಟಿ ಹೋದ ಮೇಲೆ ತಿಳಿಯುತ್ತದೆ.

ಹೋಗುವ ಮುಂಚೆ ನಾಲ್ಕು ಶಬ್ದ ಕಲಿತಿರಿ. ಮೈಕಿನಲ್ಲಿ ಬರುವುದು ಹೆಚ್ಚಾಗಿ ತುಳು, ಘಾಟಿ ಮೇಲಿನವರಿಗೆ ಅರ್ಧ ಮಜ ಅಲ್ಲೇ ತಪ್ಪಿಹೋಗುತ್ತದೆ. ಕರೆ ಅಂದರೆ ಓಟದ ಕೆಸರುಗದ್ದೆ. ಎರಡು ಕರೆ ಅಕ್ಕಪಕ್ಕ ಇದ್ದರೆ ಜೋಡುಕರೆ, ಅವಕ್ಕೆ ಜೋಡಿ ಹೆಸರೂ ಇರುತ್ತದೆ: ಮೂಡಬಿದಿರೆಯಲ್ಲಿ ಕೋಟಿ-ಚೆನ್ನಯ, ಮಿಯಾರಿನಲ್ಲಿ ಲವ-ಕುಶ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಗಂತು ಅಂದರೆ ಓಟ ಬಿಡುವ ಜಾಗ. ಮಂಜೊಟ್ಟಿ ಅಂದರೆ ಓಟ ಮುಗಿದು ಕೋಣಗಳು ಏರಿ ನಿಲ್ಲುವ ದಿಬ್ಬ. ಜೋಡಿಗಳನ್ನು ಯಜಮಾನರ ಊರು, ಹೆಸರಿನಿಂದ ಕರೆಯುತ್ತಾರೆ. ಒಬ್ಬರದ್ದೇ ಎರಡು ಜೋಡಿ ಇದ್ದರೆ ಕೊನೆಗೆ ‘ಎ’, ‘ಬಿ’ ಸೇರುತ್ತದೆ. ಒಂದು ಊರಿನ ಜೋಡಿಯನ್ನು ನಮ್ಮದು ಅಂತ ಮನಸ್ಸಿನಲ್ಲಿ ಹಿಡಿದುಕೊಂಡರೆ ರಾತ್ರಿ ಬೇಗ ಸರಿಯುತ್ತದೆ.

ವಿಭಾಗಗಳು ಆರು. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆಹಲಗೆ. ಹಿರಿಯ, ಕಿರಿಯ ಅನ್ನುವುದು ಕೋಣಗಳ ವಯಸ್ಸಿನ ಲೆಕ್ಕ. ಹಗ್ಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಬಿಟ್ಟರೆ ಓಡಿಸುವವನಿಗೆ ಬೇರೆ ಆಸರೆ ಇಲ್ಲ. ವೇಗ ನೋಡಬೇಕು ಅನ್ನುವವರು ಕಾಯಬೇಕಾದದ್ದು ಹಗ್ಗ ಹಿರಿಯಕ್ಕೆ. ನೇಗಿಲಿನಲ್ಲಿ ಹಗುರವಾದ ಮರದ ನೇಗಿಲನ್ನು ಹಿಡಿದು ಓಡುತ್ತಾರೆ. ಅಡ್ಡ ಹಲಗೆಯಲ್ಲಿ ಕೋಣಗಳ ಹಿಂದೆ ಅಡ್ಡಕ್ಕೆ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುತ್ತಾರೆ.

ಕನೆಹಲಗೆ ಮಾತ್ರ ಓಟದ ಸ್ಪರ್ಧೆಯೇ ಅಲ್ಲ, ನೀರು ಚಿಮ್ಮಿಸುವ ಸ್ಪರ್ಧೆ. ದಪ್ಪ ಮರದ ತುಂಡಿಗೆ ಎರಡು ತೂತು. ಅದರ ಮೇಲೆ ಒಂದು ಕಾಲೂರಿ, ಕೋಣದ ಬಾಲ ಹಿಡಿದು ನಿಲ್ಲುತ್ತಾರೆ. ಕೋಣ ಓಡಿದಂತೆ ಆ ತೂತುಗಳಿಂದ ನೀರು ಕಾರಂಜಿಯ ಹಾಗೆ ಮೇಲೇಳುತ್ತದೆ. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು (ಕೋಲು ಅಂದರೆ ಅಲ್ಲಿನ ಅಳತೆ) ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ನೀರು ಬಟ್ಟೆಗೆ ತಾಗಿತೋ ಇಲ್ಲವೋ ಅನ್ನುವುದೇ ತೀರ್ಪು. ಕಾಲಿನ ಭಾರ ಸ್ವಲ್ಪ ಹಿಂದಕ್ಕೆ ಹೋದರೂ ನೀರು ಎತ್ತರಕ್ಕೆ ಹೋಗದೆ ಬದಿಗೆ ಚೆಲ್ಲುತ್ತದೆ. ಕಂಬಳದ ಇಡೀ ಕೌಶಲದಲ್ಲಿ ನನಗೆ ತುಂಬ ಇಷ್ಟವಾದದ್ದು ಇದು, ಯಾಕೆಂದರೆ ಇಲ್ಲಿ ಬಲಕ್ಕಿಂತ ನಿಲುವು ಮುಖ್ಯ. ಬಹುತೇಕ ಕಡೆ ಹಲಗೆಯ ಸ್ಪರ್ಧೆಗಳು ಮೊದಲು ನಡೆಯುತ್ತವೆ. ಅದಕ್ಕೇ ಸಂಜೆಗೆ ಮುಂಚೆ ತಲುಪುವುದಾದರೆ ನಿಶಾನೆ ಇರುವ ಜಾಗದ ಎದುರು ನಿಲ್ಲಿ. ಹಳೇ ಬಟ್ಟೆ ಹಾಕಿಕೊಂಡಿರಿ, ಮೊಬೈಲಿಗೆ ಪ್ಲಾಸ್ಟಿಕ್ ಕವರ್ ಇರಲಿ. ಕೆಸರುನೀರು ಮೂರನೇ ಸಾಲಿನವರೆಗೂ ಬರುತ್ತದೆ.

ದಿನ ನಡೆಯುವ ರೀತಿ ಹೀಗೆ. ಶನಿವಾರ ಬೆಳಗ್ಗೆ ಉದ್ಘಾಟನೆ. ದೊಡ್ಡ ಕಂಬಳಗಳಿಗೆ ನೂರೈವತ್ತು, ಇನ್ನೂರು ಜೋಡಿ ಬರುವುದು ಮಾಮೂಲು. ಎರಡೆರಡು ಜೋಡಿ ಬಿಡುತ್ತಾ, ಸೋತವರನ್ನು ಕೈಬಿಡುತ್ತಾ, ಕ್ವಾರ್ಟರ್, ಸೆಮಿ, ಫೈನಲ್ ಮುಟ್ಟುವಾಗ ಭಾನುವಾರ ಬೆಳಗಾಗಿರುತ್ತದೆ, ಕೆಲವೊಮ್ಮೆ ಮಧ್ಯಾಹ್ನವೇ ಆಗುತ್ತದೆ. ಈ ವಿಳಂಬ ಕಂಬಳದ ದೊಡ್ಡ ಕುಂದು. ಓಟ ಹದಿಮೂರು ಸೆಕೆಂಡಿನದ್ದು, ಆದರೆ ಗಂತಿನಲ್ಲಿ ಎರಡು ಜೋಡಿಯನ್ನು ಒಂದೇ ಗೆರೆಗೆ ತರುವುದಕ್ಕೆ ಹತ್ತು ನಿಮಿಷವೂ ಹಿಡಿಯುತ್ತದೆ. ಒಂದು ಕೋಣ ತಿರುಗಿ ನಿಂತರೆ, ಪಕ್ಕದ ಜೋಡಿ ಕಾದು ಬಿಸಿಯಾಗಿ ಅದೂ ಹೆಜ್ಜೆ ತಪ್ಪುತ್ತದೆ, ಮತ್ತೆ ಮೊದಲಿಂದ ಶುರು. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕು ಅಂತ ಆಯೋಜಕರು ಪ್ರತಿ ವರ್ಷ ಹೇಳುತ್ತಾರೆ. ನೀವು ಅದನ್ನು ನಂಬಿ ವಾಪಸ್ ಹೊರಡುವ ಸಮಯ ಗೊತ್ತುಮಾಡಬೇಡಿ. ಗೆಲುವಿನ ಗೆರೆಯಲ್ಲಿ ಲೇಸರ್ ವ್ಯವಸ್ಥೆ, ವಿಡಿಯೊ ಬಂದ ಮೇಲೆ ಯಾರು ಮುಂದೆ ಅನ್ನುವ ಜಗಳವಂತೂ ಕಮ್ಮಿಯಾಗಿದೆ.

ಇಡೀ ಇಪ್ಪತ್ತನಾಲ್ಕು ಗಂಟೆ ನೋಡುವ ಅಗತ್ಯ ಇಲ್ಲ. ಶನಿವಾರ ರಾತ್ರಿ ಎಂಟರಿಂದ ಎರಡು, ಮತ್ತೆ ಭಾನುವಾರ ಬೆಳಗ್ಗೆ ಆರರಿಂದ ಕೊನೆಯವರೆಗೆ. ಇಷ್ಟು ಸಾಕು. ರಾತ್ರಿ ಯಾಕೆ ಅಂದರೆ, ದೀಪದ ಬೆಳಕಿನಲ್ಲಿ ನೀರು ಬೇರೆಯೇ ಕಾಣುತ್ತದೆ, ಕೋಣಗಳಿಗೂ ತಂಪು, ಓಟ ಚುರುಕು. ಹನ್ನೊಂದರ ಮೇಲೆ ಸುಮ್ಮನೆ ಸುತ್ತಾಡಲು ಬಂದವರು ಮನೆಗೆ ಹೋಗಿರುತ್ತಾರೆ. ಉಳಿಯುವುದು ಬಲ್ಲವರು. ಯಾವ ಕೋಣ ಯಾವ ಕರೆಯಲ್ಲಿ ಹೇಗೆ ಓಡುತ್ತದೆ ಅನ್ನುವುದನ್ನು ಪಕ್ಕದಲ್ಲಿ ನಿಂತ ಅಜ್ಜ ಕೇಳದೆಯೇ ಹೇಳುತ್ತಾರೆ.

ನಿಲ್ಲುವ ಜಾಗ: ಗಂತಿನಿಂದ ಮೂರರಲ್ಲಿ ಎರಡು ಪಾಲು ದೂರ, ಕರೆಯ ಬದಿ, ಬೇಲಿಯ ಹಿಂದೆ. ಮಂಜೊಟ್ಟಿಯ ನೇರಕ್ಕೆ ನಿಲ್ಲಲೇಬೇಡಿ. ಅಷ್ಟು ಭಾರದ ಎರಡು ಪ್ರಾಣಿ ಪೂರ್ತಿ ವೇಗದಲ್ಲಿ ದಿಬ್ಬ ಹತ್ತುವಾಗ ಕೈ ಚಾಚಿ ತಡೆಯುವವರು ಅದನ್ನೇ ಪಳಗಿಸಿಕೊಂಡ ಹುಡುಗರು. ಪಕ್ಕದಿಂದ ಮಾತ್ರ ಅದನ್ನು ತಪ್ಪದೆ ನೋಡಿ. ನಿಂತ ಕೋಣದ ಕಪ್ಪು ಬೆನ್ನಿನಿಂದ ಚಳಿಯ ರಾತ್ರಿಯಲ್ಲಿ ಹಬೆ ಏಳುತ್ತಿರುತ್ತದೆ, ಹೊಟ್ಟೆ ತಿದಿಯ ಹಾಗೆ ಆಡುತ್ತಿರುತ್ತದೆ, ಒಬ್ಬ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಾ ಕೊಡದ ನೀರನ್ನು ನಿಧಾನಕ್ಕೆ ಹೊಯ್ಯುತ್ತಿರುತ್ತಾನೆ.

ಹೊಡೆತದ ವಿಷಯವನ್ನೂ ಹೇಳಬೇಕು. 2016ರಲ್ಲಿ ಹೈಕೋರ್ಟ್ ತಡೆಯಿಂದ ಕಂಬಳ ನಿಂತಿತ್ತು. 2017ರಲ್ಲಿ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಾರುಕೋಲಿನ ಬಳಕೆ ಮೊದಲಿಗಿಂತ ಬಹಳ ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಅದನ್ನು ಕಣ್ಣೆದುರು ನೋಡಲಾಗದವರು ಹೋಗದಿರುವುದೇ ಒಳ್ಳೆಯದು. ಸಾಕುವವರು ಕೋಣಕ್ಕೆ ಕೊಡುವ ಹುರುಳಿ, ಎಣ್ಣೆ, ಸ್ನಾನ, ಫ್ಯಾನು ಇವನ್ನು ಹಟ್ಟಿಯಲ್ಲಿ ನೋಡಿದವರ ಅಭಿಪ್ರಾಯ ಬೇರೆಯಾಗಿರುತ್ತದೆ. ಎರಡೂ ನಿಜ.

ದಾರಿ: ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಕಾರ್ಕಳ. ಸುಮಾರು 150 ಕಿಲೋಮೀಟರ್, ಕಾರಿನಲ್ಲಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಮಿಯಾರು ಕಾರ್ಕಳದ ಮಗ್ಗುಲಲ್ಲೇ ಇದೆ, ಮೂಡಬಿದಿರೆ ಅಲ್ಲಿಂದ ಇನ್ನು ಅರ್ಧ ಗಂಟೆ. ಮಲೆನಾಡಿನವರಿಗೆ ಈ ಎರಡೇ ಅನುಕೂಲ, ಮೊದಲ ಸಲಕ್ಕೆ ಇವೇ ಸಾಕು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಆಗುಂಬೆಯ ಹದಿನಾಲ್ಕು ತಿರುವನ್ನು ಬೆಳಕಿರುವಾಗಲೇ ಇಳಿದು ಮುಗಿಸಬಹುದು. ಇಪ್ಪತ್ತು ಜನ ಸೇರಿ ದೊಡ್ಡ ಬಸ್ ಮಾಡಿಕೊಂಡು ಹೊರಟರೆ ಆಗುಂಬೆಯಲ್ಲಿ ಬಿಡುವುದಿಲ್ಲ, ಅಲ್ಲಿ ಓಡುವುದು ಮಿನಿ ಬಸ್ಸೇ. ಕಾರ್ಕಳದಲ್ಲಿ ಒಂದು ರೂಮು ಮೊದಲೇ ಹೇಳಿಡಿ. ರಾತ್ರಿಯಿಡೀ ನಿದ್ದೆಗೆಟ್ಟು ಮಂಜು ತುಂಬಿದ ಘಾಟಿ ಹತ್ತುವುದು ಬೇಡವೇ ಬೇಡ.

ಖರ್ಚು ದಾರಿಯದ್ದು, ರೂಮಿನದ್ದು ಮಾತ್ರ. ನೋಡುವುದಕ್ಕೆ ಸಾಮಾನ್ಯವಾಗಿ ಟಿಕೆಟ್ ಇಲ್ಲ. ಗೋಳಿಬಜೆ, ಚುರುಮುರಿ, ಕಬ್ಬಿನಹಾಲು ಅಲ್ಲೇ ಸಿಗುತ್ತದೆ. ಶೌಚಾಲಯದ ವ್ಯವಸ್ಥೆ ಜನರಿಗೆ ಸಾಲುವಷ್ಟು ಇರುವುದಿಲ್ಲ. ಹೆಂಗಸರು, ವಯಸ್ಸಾದವರು ಜೊತೆಗಿದ್ದರೆ ರೂಮು ಹತ್ತಿರ ಇರಬೇಕು ಅನ್ನುವುದು ಇದಕ್ಕೇ. ಧ್ವನಿವರ್ಧಕದ ಗದ್ದಲಕ್ಕೆ ಚಿಕ್ಕ ಮಕ್ಕಳು ಹತ್ತು ಗಂಟೆಯೊಳಗೆ ಸೋಲುತ್ತಾರೆ.

ಅಷ್ಟು ದೊಡ್ಡ ಗೌಜಿ ಬೇಡ ಅನ್ನುವ ಹೊಸನಗರ, ಮಾಸ್ತಿಕಟ್ಟೆ ಕಡೆಯವರು ಹುಲಿಕಲ್ ಘಾಟಿ ಇಳಿದು ಕುಂದಾಪುರ ಸೀಮೆಯ ಸಾಂಪ್ರದಾಯಿಕ ಕಂಬಳಗಳಿಗೆ ಹೋಗಬಹುದು, ವಂಡಾರಿನ ಹಾಗೆ. ಅಲ್ಲಿ ಮಾತು ಕುಂದಾಪ್ರ ಕನ್ನಡ, ಹರಕೆ ಹೊತ್ತವರ ಸಾಲು ಹೆಚ್ಚು, ಪೈಪೋಟಿ ಕಮ್ಮಿ, ರಾತ್ರಿಯಿಡೀ ಕಾಯುವ ಪ್ರಶ್ನೆ ಇಲ್ಲ. ಆದರೆ ವೇಗ ನೋಡಲು ಹೋಗುವವರಿಗೆ ಅದು ಸಾಲದು.

ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ, ಕೆಲವು ವರ್ಷ ಏಪ್ರಿಲ್‌ಗೂ ಹೋಗುತ್ತದೆ. ಋತು ಶುರುವಾಗುವ ಮುಂಚೆ ಕಂಬಳ ಸಮಿತಿ ಇಡೀ ವೇಳಾಪಟ್ಟಿ ಪ್ರಕಟಿಸುತ್ತದೆ, ಆದರೆ ದಿನಾಂಕ ಹಿಂದೆಮುಂದೆ ಆಗುವುದುಂಟು. ರೂಮಿಗೆ ಮುಂಗಡ ಕಟ್ಟುವ ಮುಂಚೆ ಅಲ್ಲಿನವರಿಗೆ ಒಂದು ಫೋನ್ ಮಾಡಿ, ಗುರುವಾರ ಮತ್ತೊಮ್ಮೆ ಕೇಳಿ. ಮೊದಲ ಸಲ ಹೋಗುವವರಿಗೆ ಡಿಸೆಂಬರ್, ಜನವರಿಯೇ ಸರಿ. ಫೆಬ್ರವರಿ ದಾಟಿದರೆ ಕರಾವಳಿಯ ಸೆಕೆ ಮಲೆನಾಡಿನ ಮೈಗೆ ಒಗ್ಗುವುದಿಲ್ಲ. ಒಂದು ಸ್ವೆಟರ್ ಮಾತ್ರ ಕಾರಿನಲ್ಲೇ ಇರಲಿ, ವಾಪಸ್ ಬರುವಾಗ ಆಗುಂಬೆಯಲ್ಲಿ ಬೇಕಾಗುತ್ತದೆ.