ಆರು ಮಳೆಗಾಲ ಕಂಡ ಕ್ಲಾಂಪ್ ಮೀಟರ್

ಶಿರಸಿಯ ಸುತ್ತಲಿನ ಅಡಿಕೆ ತೋಟಗಳ ಪಂಪ್‌ಸೆಟ್ ಹಾಗೂ ಮನೆಗಳ ವೈರಿಂಗ್ ಕೆಲಸಕ್ಕೆಂದು 2019ರಲ್ಲಿ ಕೊಂಡ ಟ್ರೂ ಆರ್‌ಎಂಎಸ್ ಕ್ಲಾಂಪ್ ಮೀಟರ್ ಆರು ಮಳೆಗಾಲ ದಾಟಿದ ಮೇಲೂ ನನ್ನ ಚೀಲದಲ್ಲಿದೆ. ವೈರು ಬಿಚ್ಚದೆ ಅದರ ಸುತ್ತ ದವಡೆ ಹಾಕಿ ಕರೆಂಟ್ ಅಳೆಯುವ ಸಾಧನವಿದು; ಟ್ರೂ ಆರ್‌ಎಂಎಸ್ ಎಂದರೆ ಎಸಿ ಕರೆಂಟಿನ ಅಲೆಯ ಆಕಾರ ಕೆಟ್ಟಿದ್ದರೂ ಸರಿಯಾದ ಅಂಕಿ ಕೊಡುವಂಥದ್ದು. ಅದು 600 ಆಂಪಿಯರ್‌ವರೆಗೆ ಅಳೆಯುತ್ತದೆಯಾದರೂ ನನಗೆ ದಿನನಿತ್ಯ ಬೇಕಾಗುವುದು ಇಪ್ಪತ್ತರ ಒಳಗಿನ ಅಂಕಿಗಳೇ.

5 ಎಚ್‌ಪಿಯ ಮೂರು ಫೇಸ್ ಮೋಟಾರು ಪೂರ್ಣ ಭಾರದಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಒಂದು ಬೇಸಿಗೆಯಲ್ಲಿ, ನೀರು ಕಡಿಮೆ ಬರುತ್ತಿದೆಯೆಂದು ಕರೆ ಬಂದ ತೋಟದಲ್ಲಿ ಸ್ಟಾರ್ಟರ್ ಪೆಟ್ಟಿಗೆ ತೆರೆದು ಒಂದೊಂದೇ ವೈರಿಗೆ ಮೀಟರಿನ ದವಡೆ ಹಾಕಿದಾಗ ಎರಡರಲ್ಲಿ 12ರ ಆಸುಪಾಸು, ಮೂರನೆಯದರಲ್ಲಿ ಸೊನ್ನೆ ಕಂಡಿತು. ಒಂದು ಫ್ಯೂಸ್ ಹೋಗಿ ಉಳಿದೆರಡು ಫೇಸಿನ ಮೇಲೆಯೇ ಮೋಟಾರು ಓಡುತ್ತಿತ್ತು. ಕೂಡಲೇ ನಿಲ್ಲಿಸಿದ್ದರಿಂದ ವೈಂಡಿಂಗ್ ಉಳಿಯಿತು. ವೈರು ಬಿಚ್ಚದೆ ಇಷ್ಟನ್ನು ತಿಳಿಯಲು ಬೇರೆ ದಾರಿ ನನಗೆ ಗೊತ್ತಿಲ್ಲ.

ಆದರೆ ನಾನು ಈ ಮೀಟರನ್ನು ನಂಬುವುದಕ್ಕೆ ಮುಖ್ಯ ಕಾರಣ ಅದರಲ್ಲಿರುವ ಲೋ-ಝಡ್, ಅಂದರೆ ಕಡಿಮೆ ಒಳರೋಧದಲ್ಲಿ ವೋಲ್ಟೇಜ್ ಅಳೆಯುವ ವ್ಯವಸ್ಥೆ. ಹಳೆಯ ಮನೆಯ ಅಟ್ಟದಲ್ಲಿ ಎರಡೂ ತುದಿ ಬಿಚ್ಚಿಟ್ಟ ವೈರು ಕರೆಂಟಿರುವ ವೈರಿನ ಪಕ್ಕದಲ್ಲೇ ಹಾದುಹೋಗಿದ್ದರೆ, ಒಳರೋಧ 10 ಮೆಗಾ ಓಮ್‌ನಷ್ಟಿರುವ ಸಾಮಾನ್ಯ ಡಿಜಿಟಲ್ ಮೀಟರು ಅದರಲ್ಲೂ ಹತ್ತಾರು ವೋಲ್ಟ್ ತೋರಿಸುತ್ತದೆ. ಲೋ-ಝಡ್‌ನಲ್ಲಿ ಒಳರೋಧ ಕಡಿಮೆಯಾಗುವುದರಿಂದ ಆ ಹುಸಿ ವೋಲ್ಟೇಜು ಕುಸಿದುಹೋಗುತ್ತದೆ. ನಿಜವಾದ 230 ವೋಲ್ಟ್ ಇದ್ದರೆ ಮಾತ್ರ ಅಂಕಿ ನಿಲ್ಲುತ್ತದೆ. ಹಾಗಿದ್ದರೂ, ಸೊನ್ನೆ ಕಂಡಿತೆಂದು ಕೂಡಲೇ ಕೈಯಿಡದೆ, ಅಳೆಯುವ ಮೊದಲೂ ಅಳೆದ ಅನಂತರವೂ ಕರೆಂಟಿದೆಯೆಂದು ಖಚಿತವಿರುವ ಪ್ಲಗ್‌ನಲ್ಲಿ ಮೀಟರನ್ನೇ ಒಮ್ಮೆ ಪರೀಕ್ಷಿಸುತ್ತೇನೆ. ಈ ಅಭ್ಯಾಸವನ್ನು ಜೊತೆಗೆ ಬರುವ ಹುಡುಗರಿಗೂ ಬಿಡದೆ ಹೇಳಿಕೊಡುತ್ತೇನೆ.

ಕೊರತೆಗಳೂ ಇವೆ. ಕಾರವಾರದಲ್ಲಿ ಕಡಲ ಬದಿಯ ಮನೆಯೊಂದರಲ್ಲಿ ತಿಂಗಳು ಕೆಲಸ ಮಾಡಿದಾಗ ಉಪ್ಪುಗಾಳಿಗೆ ಪ್ರೋಬಿನ ತುದಿಗಳು ಹಸಿರುಗಟ್ಟಿದವು. ದವಡೆಗಳು ಸೇರುವ ಜಾಗದಲ್ಲಿ ಕೊಳೆ ಕೂತು ಬಾಯಿ ಪೂರ್ತಿ ಮುಚ್ಚದಿದ್ದರೆ ಅಂಕಿ ಕಡಿಮೆ ಬರುತ್ತದೆ, ಆದ್ದರಿಂದ ಅಲ್ಲಿ ಒಣಬಟ್ಟೆಯಿಂದ ಒರೆಸುತ್ತಲೇ ಇರಬೇಕು. ಮಳೆಗಾಲದಲ್ಲಿ ಬಳಸದೆ ಇಟ್ಟಿದ್ದಾಗ ಸೆಲ್ ಸೋರಿ ಒಳಗಿನ ಸ್ಪ್ರಿಂಗ್ ಹಾಳಾಯಿತು. ಈಗ ಸೆಲ್ ತೆಗೆದೇ ಇಡುತ್ತೇನೆ. ಇದರ ದವಡೆ ಟ್ರಾನ್ಸ್‌ಫಾರ್ಮರ್ ಬಗೆಯದಾದ್ದರಿಂದ ಎಸಿ ಕರೆಂಟನ್ನು ಮಾತ್ರ ಅಳೆಯುತ್ತದೆ. ಸೋಲಾರ್ ಪ್ಯಾನೆಲ್ಲಿನ ಡಿಸಿ ಕರೆಂಟ್ ಅಳೆಯಬೇಕಾದವರು ಹಾಲ್ ಸೆನ್ಸರ್ (ಕಾಂತಕ್ಷೇತ್ರವನ್ನು ನೇರವಾಗಿ ಗ್ರಹಿಸುವ ಬಿಡಿಭಾಗ) ಇರುವ ಮೀಟರನ್ನೇ ಕೇಳಿ ಕೊಳ್ಳಬೇಕು.